ಸಿಹಿನೀರಿನಲ್ಲಿ ಕಡಲ ಜೀವಿಗಳು

ಮುಂಬಯಿಯ ಈಶಾನ್ಯ ಭಾಗದಲ್ಲಿರುವ ಭಾಂಡುಪ್, ಎರಡು ಬಗೆಯ ನೀರಿನ ನಡುವೆ ಬೆಳೆದ ಉಪನಗರ. ಅದರ ಪೂರ್ವಕ್ಕೆ ಉಪ್ಪಿನ ಆಗರಗಳು, ಕಾಂಡ್ಲಾ ಕಾಡು ಮತ್ತು ಸಮುದ್ರದ ಉಬ್ಬರಕ್ಕೆ ತಕ್ಕಂತೆ ಏರಿಳಿಯುವ ಠಾಣೆ ಖಾಡಿ. ಪಶ್ಚಿಮಕ್ಕೆ ನಗರದ ಕುಡಿಯುವ ನೀರನ್ನು ಶುದ್ಧೀಕರಿಸುವ ಬೃಹತ್ ಸ್ಥಾವರ ಹಾಗೂ ಗುಡ್ಡಗಳ ಆಚೆ 1860ರಲ್ಲಿ ನಿರ್ಮಾಣಗೊಂಡ ವಿಹಾರ್ ಕೆರೆ. ಉಪ್ಪುನೀರಿಗೂ ಸಿಹಿನೀರಿಗೂ ಇಲ್ಲಿರುವ ಅಂತರ ಕೆಲವೇ ಕಿಲೋಮೀಟರ್. ವಿಹಾರ್ ಮತ್ತು ಪವಾಯಿ ಕೆರೆಗಳ ಹೆಚ್ಚುವರಿ ನೀರು ಮೀಠಿ ನದಿಯಾಗಿ ಹರಿದು ಮಾಹಿಮ್ ಬಳಿ ಸಮುದ್ರವನ್ನು ಸೇರುತ್ತದೆ. ಹಾಗಿದ್ದರೆ ಕಡಲಿನ ಪ್ರಾಣಿಯೊಂದು ಇದೇ ದಾರಿಯಲ್ಲಿ ಮೇಲೇರಿ ಬಂದು ಕೆರೆಯನ್ನು ಸೇರಬಾರದೇಕೆ ಎಂಬ ಪ್ರಶ್ನೆ ಸಹಜವಾದುದು.

ಅಣೆಕಟ್ಟು ಒಂದು ತಡೆ. ಅದಕ್ಕಿಂತ ದೊಡ್ಡ ತಡೆ ಪ್ರಾಣಿಯ ದೇಹದೊಳಗೇ ಇದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಕಡಲ ಮೀನಿನ ರಕ್ತದಲ್ಲಿ ಲವಣ ಇದರ ಸುಮಾರು ಮೂರನೆಯ ಒಂದು ಭಾಗದಷ್ಟು ಮಾತ್ರ. ಆದುದರಿಂದ ಅದರ ದೇಹದ ನೀರು ಸದಾ ಹೊರಕ್ಕೆ ಸೋರಿಹೋಗುತ್ತಿರುತ್ತದೆ. ನಷ್ಟವನ್ನು ತುಂಬಿಕೊಳ್ಳಲು ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರದೂಡುತ್ತದೆ. ಸಿಹಿನೀರಿನಲ್ಲಿ ಸ್ಥಿತಿ ತಲೆಕೆಳಗು. ನೀರು ದೇಹದೊಳಕ್ಕೆ ನುಗ್ಗುತ್ತದೆ, ಉಪ್ಪು ಹೊರಕ್ಕೆ ಜಾರುತ್ತದೆ. ಈ ಎರಡೂ ಸ್ಥಿತಿಗಳನ್ನು ನಿಭಾಯಿಸಬಲ್ಲ ಜೀವಿಗಳು ವಿರಳ. ಸಮುದ್ರದಲ್ಲಿ ಹುಟ್ಟಿ ನದಿಗಳನ್ನೇರಿ ಬೆಳೆಯುವ ಹಾವುಮೀನು ಅಂಥವುಗಳಲ್ಲೊಂದು.

ಬುಲ್ ಶಾರ್ಕ್ ಇನ್ನೊಂದು. ಮಧ್ಯ ಅಮೆರಿಕದ ನಿಕರಾಗುವ ಸರೋವರದಲ್ಲಿ ಕಂಡುಬಂದ ಶಾರ್ಕ್‌ಗಳನ್ನು ಪ್ರಾಣಿಶಾಸ್ತ್ರಜ್ಞರು 1877ರಲ್ಲಿ ಪ್ರತ್ಯೇಕ ಪ್ರಭೇದವೆಂದು ವರ್ಣಿಸಿದ್ದರು. ಅವು ಸರೋವರದಲ್ಲಿಯೇ ಸಿಕ್ಕಿಕೊಂಡು ಉಳಿದವೆಂಬ ನಂಬಿಕೆ ಬಹುಕಾಲ ಇತ್ತು. ಥಾಮಸ್ ಥಾರ್ಸನ್ ಎಂಬ ವಿಜ್ಞಾನಿ 1960ರ ದಶಕದಿಂದ ಈ ಶಾರ್ಕ್‌ಗಳಿಗೆ ಗುರುತುಪಟ್ಟಿ ಕಟ್ಟಿ ಬಿಟ್ಟು ನೋಡಿದಾಗ, ಅವು ಸಾನ್ ಹುವಾನ್ ನದಿಯ ರಭಸದ ಇಳಿಜಾರುಗಳನ್ನು ದಾಟಿ ಕೆರಿಬಿಯನ್ ಸಮುದ್ರಕ್ಕೂ ಸರೋವರಕ್ಕೂ ನಡುವೆ ಓಡಾಡುತ್ತಿರುವುದು ಸಿದ್ಧಪಟ್ಟಿತು. ಅಮೆಜಾನ್ ನದಿಯಲ್ಲಿ ಇದೇ ಶಾರ್ಕ್ ಕಡಲಿನಿಂದ 3,000 ಕಿ.ಮೀ.ಗೂ ಹೆಚ್ಚು ದೂರದ ಇಕಿಟೋಸ್‌ವರೆಗೆ ದಾಖಲಾಗಿದೆ.

ಶಾರ್ಕ್ ಬಲಶಾಲಿ ಪ್ರಾಣಿ. ಅದಕ್ಕೆ ಮೂತ್ರಪಿಂಡವಿದೆ, ಉಪ್ಪನ್ನು ಹೊರಹಾಕುವ ವಿಶೇಷ ಗ್ರಂಥಿಯೂ ಇದೆ. ಆದರೆ ಇವಾವುವೂ ಇಲ್ಲದ, ಬಹುಪಾಲು ನೀರೇ ಆಗಿರುವ ಲೋಳೆಮೀನು ಬೆಟ್ಟದ ಹೊಳೆಯಲ್ಲಿ ಬದುಕಬಹುದೆಂದರೆ ನಂಬುವುದು ಕಷ್ಟ. ಅಂಥ ಸಂಗತಿ ವರದಿಯಾದದ್ದು ಅಂದಿನ ಮುಂಬಯಿ ಪ್ರಾಂತದಿಂದಲೇ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿದ್ದ ಶಂಕರ ಪುರುಷೋತ್ತಮ ಆಘಾರಕರ್ ಅವರು ಸಾತಾರಾ ಜಿಲ್ಲೆಯ ಘಟ್ಟಗಳಲ್ಲಿ ಸಂಚರಿಸುತ್ತಿದ್ದಾಗ, ಕೃಷ್ಣೆಯ ಉಪನದಿಗಳ ಮಡುಗಳಲ್ಲಿ ಪುಟ್ಟ ಲೋಳೆಮೀನುಗಳನ್ನು ಕಂಡು ಸಂಗ್ರಹಿಸಿದರು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ನೆಲ್ಸನ್ ಅನಂಡೇಲ್ ಅವರು 1911-12ರ ಅವಧಿಯಲ್ಲಿ ಇವನ್ನು ‘ಲಿಮ್ನೊಕ್ನೈಡಾ ಇಂಡಿಕಾ’ ಎಂಬ ಹೊಸ ಪ್ರಭೇದವಾಗಿ ವರ್ಣಿಸಿದರು. ಈ ವರ್ಗದ ಲೋಳೆಮೀನುಗಳು ಅದುವರೆಗೆ ಆಫ್ರಿಕದಲ್ಲಿ ಮಾತ್ರ ಇವೆಯೆಂದು ತಿಳಿಯಲಾಗಿತ್ತು. ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ಆ ನೀರೇ ಮುಂದೆ ಕರ್ನಾಟಕವನ್ನು ಪ್ರವೇಶಿಸುತ್ತದೆಂಬುದು ಕನ್ನಡಿಗರಿಗೆ ಆಸಕ್ತಿಯ ವಿಷಯ. ಅನಂಡೇಲ್ ಮುಂದೆ 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕರಾದರು. ಆಘಾರಕರ್ ಹೆಸರಾದದ್ದು ಸಸ್ಯವಿಜ್ಞಾನಿಯಾಗಿ! ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಗೆ ಅವರದೇ ಹೆಸರಿದೆ.

ಕಂಡದ್ದು ನಿಜವಾಗಿದ್ದರೂ ಅದರಿಂದ ತೆಗೆದ ತೀರ್ಮಾನ ತಪ್ಪಾಗಬಹುದು. ಆಫ್ರಿಕದ ಟಾಂಗನೀಕಾ ಸರೋವರದಲ್ಲಿ 1883ರಲ್ಲಿ ಲೋಳೆಮೀನು ಪತ್ತೆಯಾಯಿತು. ಅಲ್ಲಿನ ಶಂಖಗಳೂ ಕಡಲ ಶಂಖಗಳನ್ನೇ ಹೋಲುತ್ತಿದ್ದವು. ಇದನ್ನು ಆಧರಿಸಿ ಜೆ.ಇ.ಎಸ್. ಮೂರ್ ಎಂಬ ವಿದ್ವಾಂಸರು, ಆ ಸರೋವರವು ಪುರಾತನ ಸಾಗರದ ಉಳಿಕೆಯೆಂದು ವಾದಿಸಿದರು. ಮುಂದಿನ ಸಂಶೋಧನೆ ಈ ವಾದವನ್ನು ಒಪ್ಪಲಿಲ್ಲ. ಸಿಹಿನೀರಿನ ಲೋಳೆಮೀನುಗಳು ಇಂದು ನಿನ್ನೆ ದಾರಿತಪ್ಪಿ ಬಂದ ಕಡಲ ಜೀವಿಗಳಲ್ಲ. ಅವುಗಳ ಪೂರ್ವಜರು ಬಹುಹಿಂದೆಯೇ ಸಿಹಿನೀರಿಗೆ ಒಗ್ಗಿಕೊಂಡಿದ್ದಾರೆ. ವರ್ಷದ ಬಹುಭಾಗ ಅವು ಕಲ್ಲಿಗೆ ಅಂಟಿಕೊಂಡು, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅವಸ್ಥೆಯಲ್ಲಿರುತ್ತವೆ. ಅನುಕೂಲ ಒದಗಿದಾಗ ಮಾತ್ರ ನಾಣ್ಯದ ಗಾತ್ರದ ಕೊಡೆಗಳಾಗಿ ಮೇಲೇಳುತ್ತವೆ. ಒಂದು ವರ್ಷ ನೂರಾರು ಕಂಡ ಮಡುವಿನಲ್ಲಿ ಮರುವರ್ಷ ಒಂದೂ ಕಾಣದಿರುವುದುಂಟು. ಕಂಡವರ ಮಾತನ್ನು ಊರವರು ನಂಬದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಅನೇಕ ಸುದ್ದಿಗಳು ಪರಿಶೀಲನೆಯ ಮುಂದೆ ನಿಲ್ಲುವುದಿಲ್ಲವೆಂಬುದೂ ನಿಜ. ಕೆರೆಯಲ್ಲಿ ಮುಳುಗೇಳುವ ನೀರುನಾಯಿಯನ್ನು ದೂರದಿಂದ ಕಂಡವರಿಗೆ ಸೀಲ್‌ನಂತೆ ತೋರಬಹುದು. ಸಾಕಲಾಗದೆ ಅಕ್ವೇರಿಯಂನಿಂದ ಕೆರೆಗೆ ಬಿಟ್ಟ ವಿದೇಶಿ ಮೀನುಗಳು ‘ಕಡಲ ರಾಕ್ಷಸ’ಗಳೆಂಬ ಹೆಸರು ಪಡೆದಿವೆ. ಇವು ಸಮುದ್ರದಿಂದ ಬಂದವಲ್ಲ. ಆದರೆ ಸ್ಥಳೀಯ ಮೀನುಗಳಿಗೆ ಇವುಗಳಿಂದಾಗುವ ಹಾನಿ ಕಾಲ್ಪನಿಕವಲ್ಲ.

ತಿರುಗುಮುರುಗಾದ ನಿದರ್ಶನವನ್ನೂ ಮುಂಬಯಿಯೇ ಒದಗಿಸಿದೆ. ಗಂಗಾ-ಹೂಗ್ಲಿ ನದಿಗಳ ಹೆಸರಿನೊಂದಿಗೆ ಬೆಸೆದುಕೊಂಡಿರುವ ಗಂಗಾ ಶಾರ್ಕ್ ಅತ್ಯಂತ ವಿರಳ ಪ್ರಾಣಿ. 2016ರ ಫೆಬ್ರವರಿಯಲ್ಲಿ ನಗರದ ದಕ್ಷಿಣ ತುದಿಯ ಸಸೂನ್ ಡಾಕ್‌ಗೆ ಬಂದ ಮೀನಿನ ರಾಶಿಯಲ್ಲಿ, ಎರಡೂವರೆ ಮೀಟರ್‌ಗಿಂತ ಉದ್ದದ ಹೆಣ್ಣು ಗಂಗಾ ಶಾರ್ಕ್ ಒಂದನ್ನು ಸಂಶೋಧಕರು ಗುರುತಿಸಿದರು. ನದಿಯದೆಂದು ತಿಳಿದಿದ್ದ ಮೀನು ದೊರೆತದ್ದು ಅರಬ್ಬೀ ಸಮುದ್ರದ ದಂಡೆಯಲ್ಲಿ. 2001ರಿಂದ ಇದು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿದೆ. ಇದನ್ನು ಹಿಡಿಯುವುದು ಅಪರಾಧ. ಬಲೆಗೆ ಬಿದ್ದದ್ದು ಯಾವ ಶಾರ್ಕ್ ಎಂಬುದನ್ನು ಮೀನುಗಾರನಿಗೆ ತಿಳಿಸಿಕೊಡುವ ಹೊಣೆ ಯಾರದು ಎಂಬುದು ಕಾಯಿದೆಯ ಅಕ್ಷರಗಳಿಂದ ಬಗೆಹರಿಯದ ಪ್ರಶ್ನೆ.

ಕೆರೆ, ಹೊಳೆಗಳಲ್ಲಿ ಅಪರೂಪದ ಜೀವಿ ಕಂಡವರು ಸ್ಥಳ, ದಿನಾಂಕ ಮತ್ತು ನೀರಿನ ಸ್ಥಿತಿಯನ್ನು ಬರೆದಿಟ್ಟು, ಪಕ್ಕದಲ್ಲಿ ನಾಣ್ಯವನ್ನೋ ಅಳತೆಪಟ್ಟಿಯನ್ನೋ ಇರಿಸಿ ಛಾಯಾಚಿತ್ರ ತೆಗೆಯುವುದು ಲೇಸು. ಪುಣೆಯಲ್ಲಿ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಲೋಳೆಮೀನಾದರೆ ಅದನ್ನು ಅದೇ ನೀರಿನ ಸೀಸೆಯಲ್ಲಿಯೇ ಇಡಬೇಕು. ದಡದ ಬಂಡೆಯ ಮೇಲೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿಯೇ ಅದು ಒಣಗಿ, ತೋರಿಸಲು ಒಂದು ತೆಳುಪೊರೆಯ ಹೊರತು ಏನೂ ಉಳಿಯುವುದಿಲ್ಲ.