‘ದೊಡ್ಡವನಾದ ಮೇಲೆ ಸರಿಹೋಗ್ತಾನೆ’ ಅನ್ನುವ ಮುನ್ನ

ಲೆಕ್ಕದಲ್ಲಿ ಮುಂದು, ಮಾತು ದೊಡ್ಡವರ ಹಾಗೆ, ರೈಲುಗಳ ನಂಬರೆಲ್ಲ ಬಾಯಿಪಾಠ. ಆದರೆ ಆಟದ ಪಿರಿಯಡ್‌ನಲ್ಲಿ ಒಂಟಿ. ಇಂಥ ಮಗುವಿಗೆ ಆಟಿಸಂನ ಒಂದು ಬಗೆಯಾದ ಆಸ್ಪರ್ಜರ್ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಹೊಳೆಯುವಷ್ಟರಲ್ಲಿ ಮೊಂಡ, ಜಂಬಗಾರ, ಅರೆಹುಚ್ಚ ಎಂಬ ಬಿರುದುಗಳು ಅಂಟಿಕೊಂಡಿರುತ್ತವೆ, ಮಗು ಅವನ್ನು ನಂಬಿಯೂ ಆಗಿರುತ್ತದೆ. ಅದು ತಪ್ಪಬೇಕೆಂದರೆ:

1. ಮಾತು ಬಂತೆಂದು ನಿಶ್ಚಿಂತರಾಗಬೇಡಿ

ಆಟಿಸಂ ಎಂದರೆ ಮಾತು ಬಾರದ ಮಗು ಎಂದೇ ನಮ್ಮಲ್ಲಿ ಹಲವರ ಲೆಕ್ಕ. ಆಸ್ಪರ್ಜರ್ ಇರುವ ಮಕ್ಕಳಿಗೆ ಮಾತು ಹೊತ್ತಿಗೆ ಸರಿಯಾಗಿ ಬರುತ್ತದೆ, ತೊಡಕಿರುವುದು ಮಾತುಕತೆಯಲ್ಲಿ. ಎದುರಿಗಿದ್ದವರು ಆಕಳಿಸಿದರೂ ಡೈನೋಸಾರ್ ಪುರಾಣ ನಿಲ್ಲದು. ವ್ಯಂಗ್ಯ ತಲುಪದು. ಶಾಲೆಯ ದಾರಿ ಬದಲಾದರೆ ರಂಪ. ಮದುವೆಮನೆಯಲ್ಲಿ ಗಟ್ಟಿಮೇಳ ಶುರುವಾದರೆ ಕಿವಿ ಮುಚ್ಚಿಕೊಂಡು ಓಟ. ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಏನೂ ಆಗಿಲ್ಲ. ಹಲವು ಕೂಡಿಬಂದು ಮನೆ, ಶಾಲೆ ಎರಡೂ ಕಡೆ ಮಗು ಒದ್ದಾಡುತ್ತಿದ್ದರೆ ತೋರಿಸಿ. ‘ಅವರಪ್ಪನೂ ಹೀಗೇ ಇದ್ದ’ ಎನ್ನುವ ಅಜ್ಜಿಯ ಮಾತನ್ನು ಡಾಕ್ಟರಿಗೂ ಹೇಳಿ. ಆಟಿಸಂನಲ್ಲಿ ವಂಶವಾಹಿಗಳ ಪಾಲು ದೊಡ್ಡದು.

2. ಹೆಣ್ಣುಮಕ್ಕಳನ್ನು ಎರಡು ಸಲ ಗಮನಿಸಿ

ಎಷ್ಟೋ ಹುಡುಗಿಯರು ಗೆಳತಿಯರ ನಗು, ಮಾತಿನ ಧಾಟಿ ಎಲ್ಲವನ್ನೂ ನೋಡಿ ಕಲಿತು ಹಾಗೆಯೇ ನಟಿಸುತ್ತಾರೆ. ಶಾಲೆಯಲ್ಲಿ ‘ಗುಣವಂತೆ’, ಮನೆಗೆ ಬಂದೊಡನೆ ಅಳು, ಸಿಡುಕು. ಟೀಚರಿಗೆ ಏನೂ ಕಂಡಿಲ್ಲವೆಂದರೆ ಏನೂ ಇಲ್ಲವೆಂದಲ್ಲ.

3. ಸರಿಯಾದ ಬಾಗಿಲು ತಟ್ಟಿ

ರಕ್ತಪರೀಕ್ಷೆಯಲ್ಲಿ, ಸ್ಕ್ಯಾನಿನಲ್ಲಿ ಇದು ಸಿಗುವುದಿಲ್ಲ. ಮಗುವನ್ನು ನೋಡಿ, ಮಾತಾಡಿಸಿ, ಹುಟ್ಟಿದಾಗಿನಿಂದ ಬೆಳೆದ ಬಗೆಯನ್ನು ಮನೆಯವರಿಂದ ಕೇಳಿ ತಜ್ಞರು ನಿರ್ಧರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ. ಹೋಗುವಾಗ ಮೊಬೈಲಿನಲ್ಲಿ ಒಂದೆರಡು ವಿಡಿಯೊ ಇರಲಿ. ಡಾಕ್ಟರ ಮುಂದೆ ಮಗು ಬಲು ಸಭ್ಯವಾಗಿ ಕೂತುಬಿಡುವುದುಂಟು. ‘ಆರು ತಿಂಗಳಲ್ಲಿ ಗುಣಪಡಿಸುತ್ತೇವೆ’ ಎಂಬ ಬೋರ್ಡು ಕಂಡರೆ ಹಾಗೇ ಮುಂದೆ ನಡೆಯಿರಿ.

4. ರಿಪೋರ್ಟಿನಲ್ಲಿ ‘ಆಸ್ಪರ್ಜರ್’ ಕಾಣದಿದ್ದರೆ ಗಾಬರಿ ಬೇಡ

1981ರಲ್ಲಿ ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್ ಪ್ರಚಾರಕ್ಕೆ ತಂದ ಈ ಹೆಸರನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಕೈಬಿಟ್ಟಿತು. ಈಗ ಎಲ್ಲವೂ ‘ಆಟಿಸಂ ಸ್ಪೆಕ್ಟ್ರಂ’. ವಿಯೆನ್ನಾದ ಡಾಕ್ಟರ್ ಹಾನ್ಸ್ ಆಸ್ಪರ್ಜರ್ ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ನಾಜಿ ವ್ಯವಸ್ಥೆಗೆ ಸಹಕರಿಸಿದ್ದನ್ನು 2018ರಲ್ಲಿ ಇತಿಹಾಸಕಾರ ಹೆರ್ವಿಗ್ ಚೆಕ್ ದಾಖಲೆ ಸಮೇತ ತೋರಿಸಿದ ಮೇಲೆ ಆ ಹೆಸರೇ ಬೇಡವೆನ್ನುವವರೂ ಹೆಚ್ಚಿದ್ದಾರೆ.

5. ‘ನನ್ನ ಕಣ್ಣು ನೋಡಿ ಮಾತಾಡು’ ಎಂದು ಗದರಬೇಡಿ

ಅಮೆರಿಕದ ಜಾನ್ ಎಲ್ಡರ್ ರಾಬಿಸನ್ ಬಾಲ್ಯವಿಡೀ ಕೇಳಿದ ಗದರಿಕೆ ಇದೇ. 2007ರಲ್ಲಿ ಬಂದ ತನ್ನ ಆತ್ಮಕಥೆಗೆ ಆತ ಇಟ್ಟ ಹೆಸರೂ ಇದೇ: ‘ಲುಕ್ ಮೀ ಇನ್ ದಿ ಐ’. ಕಣ್ಣು ತಪ್ಪಿಸುವ ಹುಡುಗ ಏನೋ ಮುಚ್ಚಿಡುತ್ತಿದ್ದಾನೆ, ಮುಂದೆ ಕೆಟ್ಟವನಾಗುತ್ತಾನೆ ಎಂದೇ ದೊಡ್ಡವರ ತೀರ್ಮಾನ. ಹುಡುಗ ಹೈಸ್ಕೂಲು ಮುಗಿಸಲಿಲ್ಲ. ಆದರೆ ಎಲೆಕ್ಟ್ರಾನಿಕ್ಸ್ ಹುಚ್ಚು ಬಿಡಲಿಲ್ಲ. ‘ಕಿಸ್’ ರಾಕ್ ತಂಡಕ್ಕೆ ಹೊಗೆ ಉಗುಳುವ ಗಿಟಾರುಗಳನ್ನು ಮಾಡಿಕೊಟ್ಟ, ಮುಂದೆ ಕಾರು ರಿಪೇರಿಯ ಸ್ವಂತ ಉದ್ಯಮ ಕಟ್ಟಿದ. ಹೊರಗಿನಿಂದ ನೋಡಿದವರು ‘ಗೆದ್ದ’ ಅಂದಾರು. ಒಳಗೆ ಮಾತ್ರ ತಾನು ಮೋಸಗಾರ, ಎಂದಾದರೂ ಸಿಕ್ಕಿಬೀಳುತ್ತೇನೆ ಎಂಬ ಅಂಜಿಕೆ. ಆಸ್ಪರ್ಜರ್ ಎಂಬ ಹೆಸರು ಅವನಿಗೆ ಸಿಕ್ಕಿದ್ದು 40ನೇ ವಯಸ್ಸಿನಲ್ಲಿ. ಪ್ರತಿಭೆ ಹೇಗೋ ದಾರಿ ಹುಡುಕಿಕೊಂಡಿತು, ಸರಿ; ಆದರೆ ಅಷ್ಟು ವರ್ಷದ ಅಂಜಿಕೆಗೆ ಯಾವ ಅಗತ್ಯವೂ ಇರಲಿಲ್ಲ.

6. ಹುಚ್ಚನ್ನು ಬಿಡಿಸಬೇಡಿ, ಬಳಸಿ

ಬಸ್ ರೂಟುಗಳ ಗೀಳಿದ್ದರೆ ಭೂಗೋಳವನ್ನೂ ಭಾಗಾಕಾರವನ್ನೂ ಬಸ್ಸಿನಲ್ಲೇ ಕೂರಿಸಿ ಕಲಿಸಬಹುದು. ಅದೇ ಗೀಳಿನ ಇನ್ನೊಬ್ಬ ಹುಡುಗ ಸಿಕ್ಕರೆ ಗೆಳೆತನವೂ ಆಯಿತು.

7. ನೇರವಾಗಿ ಹೇಳಿ

‘ಒಂದ್ನಿಮಿಷ, ಬಂದೆ’ ಎಂದರೆ ಅರವತ್ತು ಎಣಿಸುವ ಮಗು ಇದು. ‘ಸರಿಯಾಗಿರು’ ಎಂದರೆ ಅದಕ್ಕೇನೂ ತಿಳಿಯದು. ‘ಅತ್ತೆ ಊಟ ಮುಗಿಸುವವರೆಗೆ ಕುರ್ಚಿಯಲ್ಲಿ ಕೂತಿರು’ ಎನ್ನಿ.

8. ಮಗುವಿಗೂ ಹೇಳಿ

ನೆಂಟರಿಂದ ಮುಚ್ಚಿಡುವುದು ನಿಮ್ಮಿಷ್ಟ, ಮಗುವಿನಿಂದ ಮಾತ್ರ ಬೇಡ. ತಾನು ಬೇರೆ ಎಂಬುದು ಅದಕ್ಕೆ ಆಗಲೇ ಗೊತ್ತಿರುತ್ತದೆ, ಯಾಕೆಂದು ಗೊತ್ತಿರುವುದಿಲ್ಲ. ಹರೆಯದಲ್ಲಿ ಆತಂಕ, ಖಿನ್ನತೆ ಇಂಥವರನ್ನು ಹೆಚ್ಚು ಕಾಡುತ್ತವೆ. ಅಷ್ಟರೊಳಗೆ ತನ್ನ ಮನಸ್ಸಿನ ರೀತಿ ಅದಕ್ಕೆ ತಿಳಿದಿರಲಿ.

9. ಕಾಗದಪತ್ರಕ್ಕೆ ನಾಚಬೇಡಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಪ್ರಮಾಣಪತ್ರವಿದ್ದರೆ ಸಿಬಿಎಸ್‌ಇ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. ಮೀಸಲಾತಿಯಂಥ ಸವಲತ್ತುಗಳಿಗೆ ಶೇ 40ರಷ್ಟು ವೈಕಲ್ಯದ ಗೆರೆಯಿದೆ. ಚೂಟಿ ಮಕ್ಕಳು ಅದರ ಕೆಳಗೇ ಉಳಿದುಬಿಡಬಹುದು. ಆಗಲೂ ತಜ್ಞರ ವರದಿ ಹಿಡಿದು ಶಾಲೆಯವರೊಡನೆ ಮಾತಾಡಿ. ಮುಂದಿನ ಬೆಂಚು, ಗದ್ದಲವಿಲ್ಲದ ಮೂಲೆ, ವೇಳಾಪಟ್ಟಿ ಬದಲಾದರೆ ಹಿಂದಿನ ದಿನವೇ ಸೂಚನೆ: ಇವಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

10. ಅಪ್ಪಂದಿರೇ, ಡಾಕ್ಟರ ಪ್ರಶ್ನೆಗಳನ್ನು ನೀವೂ ಕೇಳಿಸಿಕೊಳ್ಳಿ

ಮಗುವಿನ ಬಗ್ಗೆ ಉತ್ತರಿಸುತ್ತಿರುವಾಗ ‘ಇದು ನನ್ನದೇ ಕಥೆಯಲ್ಲವೇ’ ಎಂದು ಅನ್ನಿಸುವುದುಂಟು, ಅಮ್ಮಂದಿರಿಗೂ. ಹಾಗನ್ನಿಸಿದರೆ ನಿಮ್ಮದೂ ಒಂದು ಅಪಾಯಿಂಟ್‌ಮೆಂಟ್ ಬರೆಸಿ ಬನ್ನಿ.