ಕೊಡ, ಹಗ್ಗ ಮತ್ತು ಕರ್ನೆಲ್

ಬಾವಿಯ ಬಳಿ ಇಬ್ಬರಿದ್ದಾರೆ. ಒಬ್ಬನ ಕೈಯಲ್ಲಿ ಕೊಡ, ಇನ್ನೊಬ್ಬನ ಕೈಯಲ್ಲಿ ಹಗ್ಗ. ತನ್ನದನ್ನು ಬಿಡದೆ ಮತ್ತೊಂದಕ್ಕಾಗಿ ಇಬ್ಬರೂ ಕಾಯುತ್ತಾರೆ. ನೀರು ಮೇಲೆ ಬರುವುದೆಂತು? ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ಲಿನಲ್ಲಿಯೂ ಹೀಗಾಗುವುದುಂಟು. ಅದಕ್ಕೆ ಡೆಡ್‌ಲಾಕ್ ಎಂದು ಹೆಸರು.

ಒಂದೇ ಕಡತವನ್ನು ಎರಡು ಕೆಲಸಗಳು ಏಕಕಾಲದಲ್ಲಿ ತಿದ್ದಿ ಕೆಡಿಸದಂತೆ ಪ್ರತಿ ಕಡತಕ್ಕೂ ಒಂದು ಬೀಗವಿರುತ್ತದೆ. ಅಭ್ಯಾಸಕ್ಕೆಂದು ನಾನು ಲಿನಕ್ಸ್ ಕರ್ನೆಲ್ಲಿನಲ್ಲಿ, ಡಿಸ್ಕಿನ ಎರಡು ಕಡತಗಳನ್ನು ಅದಲುಬದಲು ಮಾಡುವ ಕೋಡ್ ಬರೆದೆ. ಮೊದಲು ಹೆಸರಿಸಿದ ಕಡತಕ್ಕೆ ಮೊದಲು ಬೀಗ. ಎಷ್ಟೋ ಸಲ ಸರಿಯಾಗಿ ನಡೆದದ್ದು ಒಂದು ದಿನ ಸ್ತಬ್ಧವಾಯಿತು. ಒಂದು ಕೆಲಸ ‘ಅ, ಆ’ ಎಂದೂ ಇನ್ನೊಂದು ‘ಆ, ಅ’ ಎಂದೂ ಕೇಳಿ, ತಲಾ ಒಂದು ಬೀಗ ಹಿಡಿದು ನಿಂತಿದ್ದವು. ಬರೆಯಬೇಕಾದದ್ದು ಡಿಸ್ಕನ್ನು ಸೇರಲೇ ಇಲ್ಲ.

ಎಲ್ಲಕ್ಕೂ ಒಂದೇ ದೊಡ್ಡ ಬೀಗ ಹಾಕಿದರಾಗದೆ ಎಂದುಕೊಂಡೆ. ಲಿನಕ್ಸಿನಲ್ಲಿ 1996ರಲ್ಲಿ ಅಂಥದೊಂದು ಬಂದಿತ್ತು. ಎಲ್ಲರೂ ಅದಕ್ಕೇ ಕಾಯಬೇಕಾಗುತ್ತಿದ್ದುದರಿಂದ 2011ರಲ್ಲಿ ಅದನ್ನು ಪೂರ್ತಿ ತೆಗೆದುಹಾಕಿದರು.

ಪರಿಹಾರ ಬೇರೆಯೇ ಇತ್ತು. ಡಿಸ್ಕಿನ ಪ್ರತಿ ಕಡತಕ್ಕೂ ತನ್ನದೇ ಸಂಖ್ಯೆಯುಂಟು. ಯಾರು ಹೇಗೆ ಕೇಳಿದರೂ ಚಿಕ್ಕ ಸಂಖ್ಯೆಗೆ ಮೊದಲು ಬೀಗ, ದೊಡ್ಡದಕ್ಕೆ ಅನಂತರ. ಹಗ್ಗ ಹಿಡಿದವನೇ ಕೊಡ ಮುಟ್ಟತಕ್ಕದ್ದೆಂಬ ನಿಯಮದಂತೆ.

2006ರಲ್ಲಿ ಇಂಗೊ ಮೊಲ್ನಾರ್ ಅವರು ರಚಿಸಿದ ಲಾಕ್‌ಡೆಪ್, ಒಂದೇ ಬಗೆಯ ಎರಡು ಬೀಗಗಳನ್ನು ವಿವರಣೆಯಿಲ್ಲದೆ ಹಿಡಿದೊಡನೆ, ಯಂತ್ರ ನಿಲ್ಲುವ ಮೊದಲೇ ಎಚ್ಚರಿಸುತ್ತದೆ. ನಿಧಾನವಾಗುವುದೆಂದು ನಾನು ಅದನ್ನು ಆರಿಸಿಟ್ಟಿದ್ದೆ!

ಆ ಎರಡು ಕೆಲಸಗಳಲ್ಲಿ ಯಾವುದೊಂದನ್ನೇ ನೋಡಿದರೂ ತಪ್ಪು ಕಾಣದು. ಇಬ್ಬರಿಗೂ ಸಮಾನವಾದ ಒಂದು ಕ್ರಮವನ್ನು ನಾನು ಗೊತ್ತುಮಾಡಿರಲಿಲ್ಲ, ಕೊರತೆಯೆಲ್ಲ ಅಲ್ಲಿತ್ತು.