ದಿಬ್ರುಗಢ ಮತ್ತು ದ್ವಾರಕೆ: ಒಂದೇ ಗಡಿಯಾರ, ಎರಡು ಸೂರ್ಯೋದಯ

1. ಭಾರತೀಯ ಪ್ರಮಾಣಕಾಲವು ಮಿರ್ಜಾಪುರದ ಸಮೀಪದಲ್ಲಿ ಹಾದುಹೋಗುವ 82°30′ ಪೂರ್ವ ರೇಖಾಂಶವನ್ನು ಆಧರಿಸಿ 1906ರ ಜನವರಿ 1ರಂದು ಜಾರಿಗೆ ಬಂದುದು; ಗ್ರೀನಿಚ್ ಕಾಲಕ್ಕಿಂತ 5 ಗಂಟೆ 30 ನಿಮಿಷ ಮುಂದು.

2. ಭೂಮಿಯು ಒಂದು ಅಂಶ ತಿರುಗಲು 4 ನಿಮಿಷ ತಗಲುವುದಾದುದರಿಂದ, ಸುಮಾರು 95° ಪೂರ್ವದಲ್ಲಿರುವ ಅಸ್ಸಾಮಿನ ದಿಬ್ರುಗಢಕ್ಕೂ ಸುಮಾರು 69° ಪೂರ್ವದಲ್ಲಿರುವ ಗುಜರಾತಿನ ದ್ವಾರಕೆಗೂ ಸೌರಕಾಲದಲ್ಲಿ 26 × 4 = 104 ನಿಮಿಷಗಳ ಅಂತರವುಂಟು. ಲೆಕ್ಕವಾಗಿ ಕೇಳಲು ಇದಕ್ಕಿಂತ ಅನುಕೂಲವಾದ ಪ್ರಶ್ನೆ ವಿರಳ.

3. ದಿಬ್ರುಗಢ: ಬ್ರಹ್ಮಪುತ್ರದ ದಕ್ಷಿಣ ತೀರ, 1950ರ ಆಗಸ್ಟ್ 15ರ ಮಹಾಭೂಕಂಪದಿಂದ ಪೀಡಿತವಾದ ಪಟ್ಟಣ, ಚಹಾ ತೋಟಗಳ ಕೇಂದ್ರ. ಬೇಗನೆ ಮೂಡಿ ಬೇಗನೆ ಮುಳುಗುವ ಸೂರ್ಯನ ಬೆಳಕು ವ್ಯರ್ಥವಾಗದಿರಲೆಂದು ಬ್ರಿಟಿಷರ ಕಾಲದ ತೋಟಗಾರರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ರೂಢಿಸಿದ ‘ಬಾಗಾನ್ ಕಾಲ’ವು ಅಸ್ಸಾಮಿನ ತೋಟಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.
ಗಮನಿಸಿ: ಇದು ತೋಟಗಳ ರೂಢಿಯೇ ಹೊರತು ಪ್ರತ್ಯೇಕ ಕಾಲವಲಯವಲ್ಲ, ದೇಶಕ್ಕೆ ಅಧಿಕೃತ ಕಾಲವಲಯ ಒಂದೇ.

4. ದ್ವಾರಕೆ: ಅರಬ್ಬೀ ಸಮುದ್ರತೀರ, ನಾಲ್ಕು ಧಾಮಗಳಲ್ಲಿ ಪಶ್ಚಿಮದ್ದು, ದ್ವಾರಕಾಧೀಶ ದೇವಾಲಯ.

5. ಗೊಂದಲದ ಅಂಶಗಳು:
• ದ್ವಾರಕೆಯ ಗೋಮತಿ ಬೇರೆ. ಲಖನೌ ಮೂಲಕ ಹರಿದು ಗಂಗೆಯನ್ನು ಕೂಡುವ ಗೋಮತಿ ಬೇರೆ.
• ಶಂಕರಾಚಾರ್ಯರು ಸ್ಥಾಪಿಸಿದರೆಂದು ಪರಂಪರೆಯು ಹೇಳುವ ಮಠಗಳಲ್ಲಿ ನಮ್ಮ ಶೃಂಗೇರಿಯದಕ್ಕೂ ದ್ವಾರಕೆಯದಕ್ಕೂ ಶಾರದಾಪೀಠವೆಂಬ ಹೆಸರೇ ಇರುವುದರಿಂದ, ದಿಕ್ಕನ್ನು ನೋಡಿಯೇ ಉತ್ತರಿಸತಕ್ಕದ್ದು: ಶೃಂಗೇರಿ ದಕ್ಷಿಣ, ದ್ವಾರಕೆ ಪಶ್ಚಿಮ.
• ನೇಪಾಳದ ಕಾಲವು ಭಾರತಕ್ಕಿಂತ 15 ನಿಮಿಷ ಮುಂದು, ಶ್ರೀಲಂಕೆಯದು ಭಾರತದಷ್ಟೇ.